ಇಂಟೆಲ್ ತನ್ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 64 ಬಿಟ್ ತರಲು ಅಷ್ಟು ತಡ ಮಾಡಿದ್ದೇಕೆ?

ಪ್ರಶ್ನೆ: ಗಣಕಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜಿನಲ್ಲಿ ಬಿಸಿಎ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಆರ್ಕಿಟೆಕ್ಚರ್ ಪಾಠ ಹೇಳುತ್ತೇನೆ. ನಾವು ಬಳಸುವ ಟಿಪ್ಪಣಿಗಳಲ್ಲಿ 32 ಬಿಟ್‌ನಿಂದ 64 ಬಿಟ್‌ಗೆ ದಾಟಿದ ಕಥೆ, ಅಂದರೆ ಪ್ರೊಸೆಸರ್ ಒಮ್ಮೆಗೆ ನಿಭಾಯಿಸುವ ಸಂಖ್ಯೆ ಮತ್ತು ಮೆಮೊರಿ ವಿಳಾಸಗಳ ಅಗಲ ಇಮ್ಮಡಿಯಾದ ಕಥೆ, ಎರಡೇ ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ 2003ರಲ್ಲಿ ಅಥ್ಲಾನ್ 64 ಎಂಬ ಪ್ರೊಸೆಸರ್ ಬಿಡುಗಡೆ ಮಾಡಿತು, ಆಮೇಲೆ ಇಂಟೆಲ್ ಅದೇ ದಾರಿಯಲ್ಲಿ ಬಂತು ಎಂಬಷ್ಟೇ ಅಲ್ಲಿದೆ. ಮಕ್ಕಳು ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ಇಂಟೆಲ್ 2001ರಲ್ಲೇ ಐಟೇನಿಯಂ ಎಂಬ 64 ಬಿಟ್ ಪ್ರೊಸೆಸರ್ ಮಾರುತ್ತಿತ್ತು. ಅದರ ಬಳಿ ಹಣವಿತ್ತು, ಕಾರ್ಖಾನೆಗಳಿದ್ದವು, ವಿನ್ಯಾಸಕಾರರ ದೊಡ್ಡ ಪಡೆಯೇ ಇತ್ತು. ಹೀಗಿದ್ದೂ ಸಾಮಾನ್ಯರು ಕೊಳ್ಳುವ ಪೆಂಟಿಯಂ 4ಕ್ಕೆ 64 ಬಿಟ್ ಬಂದದ್ದು 2005ರ ಫೆಬ್ರುವರಿಯಲ್ಲಿ, ಅಂದರೆ ತನಗಿಂತ ಎಷ್ಟೋ ಚಿಕ್ಕದಾದ ಎಎಂಡಿಗಿಂತ ಸುಮಾರು ಒಂದೂವರೆ ವರ್ಷ ತಡವಾಗಿ.

ಈ ತಡಕ್ಕೆ ತಾಂತ್ರಿಕ ತೊಡಕು ಕಾರಣವೇ, ಅಥವಾ ಗ್ರಾಹಕರಿಗೆ ಇನ್ನೂ ಬೇಕಿಲ್ಲ ಎಂಬ ಪ್ರಾಮಾಣಿಕ ಲೆಕ್ಕಾಚಾರವೇ, ಅಥವಾ ಕಂಪನಿಯ ಒಳಗಿನ ಯಾವುದೋ ಹಟವೇ ಎಂಬುದನ್ನು ತಿಳಿಯಬೇಕಾಗಿದೆ. ಬಲ್ಲವರು ದಯವಿಟ್ಟು ಸ್ವಲ್ಪ ವಿವರವಾಗಿಯೇ ಬರೆಯಿರಿ. ತರಗತಿಯಲ್ಲಿ ಹೇಳಬೇಕಾಗಿರುವುದರಿಂದ ಇಸವಿಗಳೂ ಕಾರಣಗಳೂ ಜೊತೆಯಲ್ಲಿದ್ದರೆ ಅನುಕೂಲವಾಗುತ್ತದೆ.

ಉತ್ತರ: ಸಿಲಿಕಾನ್‌ಪ್ರಿಯ

ಮೇಷ್ಟ್ರೇ, ನೀವು ಊಹಿಸಿರುವ ಮೂರು ಕಾರಣಗಳಲ್ಲಿ ಮೂರನೆಯದೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಇದು ಮಾಡಲಾಗದೆ ಆದ ತಡವಲ್ಲ. ಮಾಡಬಾರದೆಂದು ನಿರ್ಧರಿಸಿದ್ದರಿಂದ ಆದ ತಡ. ಆ ನಿರ್ಧಾರದ ಬೇರು ಹುಡುಕಬೇಕಾದರೆ 1994ಕ್ಕೆ ಹೋಗಬೇಕು.

ಆ ವರ್ಷ ಇಂಟೆಲ್ ಮತ್ತು ಎಚ್‌ಪಿ ಕಂಪನಿಗಳು ಸೇರಿ ಹೊಸದೊಂದು 64 ಬಿಟ್ ಆರ್ಕಿಟೆಕ್ಚರ್ ರೂಪಿಸುವುದಾಗಿ ಪ್ರಕಟಿಸಿದವು. ಎಚ್‌ಪಿಗೆ ತನ್ನ ಪಿಎ-ರಿಸ್ಕ್ ಪ್ರೊಸೆಸರ್‌ಗಳಿಗೆ ಉತ್ತರಾಧಿಕಾರಿ ಬೇಕಿತ್ತು. ಇಂಟೆಲ್‌ಗೆ ದುಬಾರಿ ಸರ್ವರ್‌ಗಳ ಮಾರುಕಟ್ಟೆಗೆ ಕಾಲಿಡಬೇಕಿತ್ತು. ಎಂಐಪಿಎಸ್ ಆರ್4000 ಮತ್ತು ಡಿಇಸಿಯ ಆಲ್ಫಾ ಆ ಮೊದಲೇ 64 ಬಿಟ್ ಆಗಿದ್ದವು, ಸನ್ ಕಂಪನಿಯ ಅಲ್ಟ್ರಾಸ್ಪಾರ್ಕ್ 1995ರಲ್ಲಿ ಬಂತು. ಇವೆಲ್ಲವನ್ನೂ ಒಂದೇ ಏಟಿಗೆ ಹಿಂದಿಕ್ಕುವಂಥದ್ದನ್ನು ಮಾಡಬೇಕೆಂಬ ಮಹತ್ವಾಕಾಂಕ್ಷೆಯಿಂದ, ಇಂಟೆಲ್‌ನ 1978ರ 8086 ಚಿಪ್‌ನಿಂದ ಪೆಂಟಿಯಂವರೆಗೆ ಹರಿದುಬಂದಿದ್ದ ಎಕ್ಸ್86 ಎಂಬ ಆರ್ಕಿಟೆಕ್ಚರ್ ಪರಂಪರೆಯನ್ನು ಪಕ್ಕಕ್ಕಿಟ್ಟು, ಸಂಪೂರ್ಣ ಹೊಸ ಆದೇಶಸಮೂಹವನ್ನು (ಪ್ರೊಸೆಸರ್‌ಗೆ ಅರ್ಥವಾಗುವ ಆದೇಶಗಳ ಪಟ್ಟಿಯನ್ನು) ಅವರು ಕಟ್ಟಿದರು. ಐಟೇನಿಯಂ ಹುಟ್ಟಿದ್ದು ಇದರಿಂದಲೇ. ಅದರಲ್ಲಿ ತಲಾ 41 ಬಿಟ್‌ಗಳ ಮೂರು ಆದೇಶಗಳನ್ನೂ, ಅವುಗಳ ಸ್ವರೂಪ ಹೇಳುವ 5 ಬಿಟ್‌ಗಳನ್ನೂ ಸೇರಿಸಿ 128 ಬಿಟ್‌ಗಳ ಒಂದು ಕಟ್ಟು ಮಾಡುತ್ತಿದ್ದರು. ಯಾವ ಆದೇಶಗಳನ್ನು ಏಕಕಾಲಕ್ಕೆ ನಡೆಸಬಹುದು ಎಂಬುದನ್ನು ಓಡುವಾಗ ಚಿಪ್ ಹುಡುಕುವ ಬದಲು, ಪ್ರೋಗ್ರಾಂ ಅನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಕಂಪೈಲರ್ ಮೊದಲೇ ಗುರುತಿಸಿ ಕೊಡಬೇಕೆಂಬುದು ಅದರ ಮೂಲ ತತ್ತ್ವ.

ಕಾಗದದ ಮೇಲೆ ಇದು ಬಹಳ ಸುಂದರವಾಗಿತ್ತು. ಆದರೆ ಮೆಮೊರಿಯಿಂದ ಒಂದು ಮೌಲ್ಯ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಪ್ರೋಗ್ರಾಂ ಓಡುವಾಗ ಮಾತ್ರ ತಿಳಿಯುತ್ತದೆ. ಬೇಕಾದದ್ದು ಚಿಪ್‌ನೊಳಗಿನ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಸಿಕ್ಕರೆ ಪ್ರೊಸೆಸರ್ ಗಡಿಯಾರದ ಕೆಲವೇ ಆವರ್ತಗಳು, ಸಿಗದಿದ್ದರೆ ನೂರಾರು ಆವರ್ತಗಳು. ಇದನ್ನು ಕಂಪೈಲರ್ ಮುಂಚಿತವಾಗಿ ಹೇಗೆ ತಿಳಿದೀತು? ವೈಜ್ಞಾನಿಕ ಲೆಕ್ಕಾಚಾರಗಳಂಥ ಕ್ರಮಬದ್ಧ ಕೆಲಸದಲ್ಲಿ ಐಟೇನಿಯಂ ಚೆನ್ನಾಗಿಯೇ ಓಡುತ್ತಿದ್ದರೂ, ಹೆಜ್ಜೆಹೆಜ್ಜೆಗೂ ಕವಲೊಡೆಯುವ ಸಾಮಾನ್ಯ ತಂತ್ರಾಂಶಗಳಲ್ಲಿ ನಿರೀಕ್ಷಿಸಿದ ವೇಗ ಸಿಗಲಿಲ್ಲ. 1998ರ ಸುಮಾರಿಗೆ ಬರಬೇಕಿದ್ದ ಮೊದಲ ಚಿಪ್ ಮರ್ಸೆಡ್ ಮುಂದೂಡಲ್ಪಡುತ್ತ 2001ರ ಮಧ್ಯಭಾಗಕ್ಕೆ ಬಂದು ಮುಟ್ಟಿತು. ಹಳೆಯ ಎಕ್ಸ್86 ಪ್ರೋಗ್ರಾಂಗಳನ್ನು ಅದು ಓಡಿಸುತ್ತಿತ್ತು ನಿಜ, ಆದರೆ ಅದೇ ಕಾಲದ ಪೆಂಟಿಯಂ ಎದುರು ನಾಚಿಕೆಪಡುವಷ್ಟು ನಿಧಾನವಾಗಿ.

ಇಲ್ಲಿಗೆ ಇಂಟೆಲ್‌ನ ಇಕ್ಕಟ್ಟು ಸ್ಪಷ್ಟವಾಗುತ್ತದೆ. ಅದರ ಯೋಜನೆಯ ಪ್ರಕಾರ 32 ಬಿಟ್ ಎಕ್ಸ್86 ಡೆಸ್ಕ್‌ಟಾಪ್‌ನಲ್ಲಿ ಇನ್ನೂ ಹಲವು ವರ್ಷ ಇರಬೇಕು, 64 ಬಿಟ್ ಬೇಕೆನ್ನುವವರು ಐಟೇನಿಯಂ ಕೊಳ್ಳಬೇಕು, ಕಾಲಾಂತರದಲ್ಲಿ ಐಟೇನಿಯಂ ಮೇಲಿನಿಂದ ಕೆಳಕ್ಕಿಳಿದು ಮೇಜಿನ ಮೇಲಿನ ಕಂಪ್ಯೂಟರನ್ನೂ ತಲುಪಬೇಕು. ಅಗ್ಗದ ಪೆಂಟಿಯಂಗೇ 64 ಬಿಟ್ ಕೊಟ್ಟುಬಿಟ್ಟರೆ ಐಟೇನಿಯಂಗೆ ಹಣ ಹೂಡಿದ ಎಚ್‌ಪಿಗೂ, ಅದಕ್ಕಾಗಿ ತಂತ್ರಾಂಶ ಬರೆಯುತ್ತಿದ್ದ ಕಂಪನಿಗಳಿಗೂ ಏನೆಂದು ಉತ್ತರ ಹೇಳುವುದು? ಇನ್ನೊಂದು ಸೂಕ್ಷ್ಮವೂ ಇದೆ, ಅದನ್ನು ಯಾರೂ ಬಹಿರಂಗವಾಗಿ ಹೇಳುತ್ತಿರಲಿಲ್ಲ. ಎಕ್ಸ್86 ಚಿಪ್‌ಗಳನ್ನು ತಯಾರಿಸುವ ಹಕ್ಕು ಪರಸ್ಪರ ಪರವಾನಗಿ ಒಪ್ಪಂದದ ಮೂಲಕ ಎಎಂಡಿಗೂ ಇತ್ತು. ಐಟೇನಿಯಂ ಆರ್ಕಿಟೆಕ್ಚರ್ ಮಾತ್ರ ಇಂಟೆಲ್ ಮತ್ತು ಎಚ್‌ಪಿಗಳ ಕೈಯಲ್ಲಷ್ಟೇ ಉಳಿದಿತ್ತು. ಲೋಕವೆಲ್ಲ ಅದಕ್ಕೆ ವಲಸೆ ಹೋಗಿದ್ದರೆ ಪ್ರತಿಸ್ಪರ್ಧಿಯ ಕಾಟವೇ ಇರುತ್ತಿರಲಿಲ್ಲ.

ಐಟೇನಿಯಂನ ಬಾಗಿಲು ಮುಚ್ಚಿದ್ದರಿಂದ ಎಎಂಡಿಗೆ ಉಳಿದಿದ್ದ ದಾರಿ ಒಂದೇ, ಎಕ್ಸ್86ನ್ನೇ ಹಿಗ್ಗಿಸುವುದು. 1999ರ ಅಕ್ಟೋಬರ್‌ನಲ್ಲಿ ಅದು ಎಕ್ಸ್86-64 ಯೋಜನೆಯನ್ನು ಪ್ರಕಟಿಸಿತು, 2000ದಲ್ಲಿ ಅದರ ಪೂರ್ಣ ವಿವರಗಳನ್ನು ಬಹಿರಂಗಪಡಿಸಿತು. ಹಳೆಯ 32 ಬಿಟ್ ಪ್ರೋಗ್ರಾಂಗಳು 64 ಬಿಟ್ ಆಪರೇಟಿಂಗ್ ಸಿಸ್ಟಂನ ಕೆಳಗೂ ಯಾವ ಅನುಕರಣೆಯ ಹೊರೆಯಿಲ್ಲದೆ ಪೂರ್ಣ ವೇಗದಲ್ಲಿ ಓಡುತ್ತವೆ ಎಂಬುದೇ ಅದರ ಗೆಲುವಿನ ಗುಟ್ಟು. 2003ರ ಏಪ್ರಿಲ್ 22ರಂದು ಸರ್ವರ್‌ಗಳಿಗಾಗಿ ಆಪ್ಟೆರಾನ್, ಸೆಪ್ಟೆಂಬರ್ 23ರಂದು ಡೆಸ್ಕ್‌ಟಾಪ್‌ಗಾಗಿ ಅಥ್ಲಾನ್ 64 ಬಂದವು.

ಇಂಟೆಲ್ ಮಣಿದದ್ದು 2004ರ ಫೆಬ್ರುವರಿಯಲ್ಲಿ. ಆಗಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಕಂಪನಿಯ ಡೆವಲಪರ್ ಸಮಾವೇಶದಲ್ಲಿ ಸರ್ವರ್‌ಗಳಲ್ಲಿ ಬಳಸುವ ಜಿಯಾನ್ ಪ್ರೊಸೆಸರ್‌ಗಳಿಗೆ 64 ಬಿಟ್ ವಿಸ್ತರಣೆ ಬರುತ್ತದೆಂದು ಘೋಷಿಸಿದರು. ಆ ವಿಸ್ತರಣೆ ಎಎಂಡಿ ರೂಪಿಸಿದ್ದಕ್ಕೆ ಬಹುಮಟ್ಟಿಗೆ ಸರಿಹೊಂದುವಂಥದ್ದೇ ಆಗಿತ್ತು. ಅದಾದ ಒಂದೇ ವಾರದಲ್ಲಿ, ಐಟೇನಿಯಂನ ಸಹ-ಜನಕನಾದ ಎಚ್‌ಪಿಯೇ ಆಪ್ಟೆರಾನ್ ಸರ್ವರ್‌ಗಳನ್ನು ಮಾರುವುದಾಗಿ ಪ್ರಕಟಿಸಿತೆಂದರೆ ಗಾಳಿ ಯಾವ ಕಡೆ ಬೀಸುತ್ತಿತ್ತೆಂದು ತಿಳಿಯುತ್ತದೆ. ಮೊದಲ 64 ಬಿಟ್ ಜಿಯಾನ್ ಅದೇ ವರ್ಷದ ಜೂನ್‌ನಲ್ಲಿ ಬಂತು. ಅಂಗಡಿಯಲ್ಲಿ ಸಾಮಾನ್ಯರ ಕೈಗೆ ಸಿಗುವ ಪೆಂಟಿಯಂ 4 ಮಾತ್ರ, ನೀವು ಹೇಳಿದಂತೆ, 2005ರ ಫೆಬ್ರುವರಿಯಲ್ಲಿ 600 ಸರಣಿಯ ರೂಪದಲ್ಲಿ ಬಂತು.

ಉತ್ತರ: ಕೋಡುಗಾರ

ಸಿಲಿಕಾನ್‌ಪ್ರಿಯ ಅವರು ಹೇಳಿದ ಐಟೇನಿಯಂ ಪ್ರಕರಣ ನಿಜವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲವನ್ನೂ ಕಂಪನಿಯ ಹಟಕ್ಕೇ ಕಟ್ಟಿದರೆ ಮಕ್ಕಳಿಗೆ ಅರ್ಧ ಚಿತ್ರವಷ್ಟೇ ಸಿಗುತ್ತದೆ. 2003ರಲ್ಲಿ ಮನೆಯಲ್ಲೋ ಕಚೇರಿಯಲ್ಲೋ ಕಂಪ್ಯೂಟರ್ ಬಳಸುತ್ತಿದ್ದವರಿಗೆ 64 ಬಿಟ್‌ನಿಂದ ಆಗುತ್ತಿದ್ದ ಉಪಯೋಗವಾದರೂ ಏನು ಎಂದು ಕೇಳಿ ನೋಡಿ.

32 ಬಿಟ್ ವಿಳಾಸದಿಂದ 4 ಜಿಬಿವರೆಗಿನ ಮೆಮೊರಿಯನ್ನು ಗುರುತಿಸಬಹುದು. ವಿಂಡೋಸ್ ಅದನ್ನು ಎರಡು ಪಾಲು ಮಾಡಿ, ಒಂದು ಪ್ರೋಗ್ರಾಂಗೆ ಸಾಮಾನ್ಯವಾಗಿ 2 ಜಿಬಿ ಕೊಟ್ಟು ಉಳಿದದ್ದನ್ನು ತನ್ನ ತಿರುಳಾದ ಕರ್ನಲ್‌ಗೆ ಇಟ್ಟುಕೊಳ್ಳುತ್ತಿತ್ತು. ಆಗ ಮಾರಾಟವಾಗುತ್ತಿದ್ದ ಬಹುಪಾಲು ಡೆಸ್ಕ್‌ಟಾಪ್‌ಗಳಲ್ಲಿದ್ದದ್ದು 256 ಅಥವಾ 512 ಎಂಬಿ ರ‍್ಯಾಮ್. ಅಂಥವರ ಮಟ್ಟಿಗೆ 4 ಜಿಬಿಯ ಗೋಡೆ ಇನ್ನೂ ದೂರದಲ್ಲೇ ಇತ್ತು. ದೊಡ್ಡ ಡೇಟಾಬೇಸ್ ನಡೆಸುವವರು, ಚಿಪ್ ವಿನ್ಯಾಸ ಮಾಡುವವರು, ಚಲನಚಿತ್ರಕ್ಕೆ ಚಿತ್ರಿಕೆ ರೂಪಿಸುವವರು ಆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದದ್ದು ನಿಜ. ಪೆಂಟಿಯಂ ಪ್ರೊ ಕಾಲದಿಂದ, ಅಂದರೆ 1995ರಿಂದ, 36 ಬಿಟ್ ಭೌತಿಕ ವಿಳಾಸದ ಮೂಲಕ ಒಂದು ಯಂತ್ರಕ್ಕೆ 64 ಜಿಬಿವರೆಗೆ ರ‍್ಯಾಮ್ ಕೂರಿಸಲು ಅವಕಾಶವಿದ್ದರೂ, ಒಂದೊಂದು ಪ್ರೋಗ್ರಾಂನ ಮಿತಿ 4 ಜಿಬಿಯ ಒಳಗೇ ಇರುತ್ತಿದ್ದರಿಂದ ಅವರ ಕಷ್ಟ ಪೂರ್ತಿ ನೀಗಿರಲಿಲ್ಲ. ಆದರೆ ಅವರಾರೂ ಸಾಮಾನ್ಯ ಡೆಸ್ಕ್‌ಟಾಪ್ ಗ್ರಾಹಕರಲ್ಲ.

ಡೆಸ್ಕ್‌ಟಾಪ್‌ಗೆ 64 ಬಿಟ್ ಬೇಕಾಗುವುದು ಆ ದಶಕದ ಕೊನೆಯ ಹೊತ್ತಿಗೆ ಎಂದು ಇಂಟೆಲ್‌ನ ಅಧಿಕಾರಿಗಳು 2003ರಲ್ಲಿ ಹೇಳುತ್ತಿದ್ದಾಗ ಅನೇಕರು ನಕ್ಕರು. ಮೆಮೊರಿಯ ಲೆಕ್ಕದಲ್ಲಿ ಮಾತ್ರ ನೋಡಿದರೆ ಆ ಅಂದಾಜು ತೀರ ಅಸಂಬದ್ಧವೇನೂ ಆಗಿರಲಿಲ್ಲ. 4 ಜಿಬಿ ರ‍್ಯಾಮ್ ಮನೆಯ ಕಂಪ್ಯೂಟರ್‌ಗಳಲ್ಲಿ ಮಾಮೂಲಾದದ್ದೂ, 64 ಬಿಟ್ ವಿಂಡೋಸನ್ನು ಜನ ನಿಜವಾಗಿ ಬಳಸತೊಡಗಿದ್ದೂ 2009ರಲ್ಲಿ ವಿಂಡೋಸ್ 7 ಬಂದ ಆಸುಪಾಸಿನಲ್ಲಿ.

ಇನ್ನು ತಂತ್ರಾಂಶದ ಕಡೆ ನೋಡೋಣ. ಲಿನಕ್ಸ್ ಇಲ್ಲಿ ಎಲ್ಲರಿಗಿಂತ ಮುಂದಿತ್ತು. ಸೂಸೆ ಕಂಪನಿಯ ಎಂಜಿನಿಯರ್‌ಗಳು ಚಿಪ್ ಕೈಗೆ ಬರುವ ಮೊದಲೇ ಸಿಮ್ಯುಲೇಟರ್‌ನಲ್ಲಿ ಕರ್ನಲ್ ಓಡಿಸಿ ಸಿದ್ಧರಾಗಿದ್ದರಿಂದ, ಆಪ್ಟೆರಾನ್ ಬಿಡುಗಡೆಯಾದಾಗ ಅದಕ್ಕೊಂದು 64 ಬಿಟ್ ಆಪರೇಟಿಂಗ್ ಸಿಸ್ಟಂ ಇತ್ತು. ವಿಂಡೋಸ್ ಕಥೆ ಬೇರೆ. ಎಎಂಡಿಯ ಈ ವಿಸ್ತರಣೆಗೆ ಬೆಂಬಲ ನೀಡುವ ವಿಷಯ 2002ರ ಏಪ್ರಿಲ್‌ನಲ್ಲೇ ಪ್ರಕಟವಾಗಿದ್ದರೂ, ವಿಂಡೋಸ್ ಎಕ್ಸ್‌ಪಿಯ 64 ಬಿಟ್ ಆವೃತ್ತಿ ಮಾರುಕಟ್ಟೆಗೆ ಬಂದದ್ದು 2005ರ ಏಪ್ರಿಲ್ ಕೊನೆಯಲ್ಲಿ. ಅಥ್ಲಾನ್ 64 ಕೊಂಡವರು ಸುಮಾರು ಹತ್ತೊಂಬತ್ತು ತಿಂಗಳು ಅದನ್ನು 32 ಬಿಟ್ ವಿಂಡೋಸ್‌ನಲ್ಲೇ ಓಡಿಸಿದರು. 64 ಬಿಟ್ ವಿಂಡೋಸ್ ಬಂದ ಮೇಲೂ, ಸಾಧನಗಳನ್ನು ನಡೆಸುವ ತಂತ್ರಾಂಶಗಳಾದ ಡ್ರೈವರ್‌ಗಳ 64 ಬಿಟ್ ರೂಪದ ಕೊರತೆ ಕಾಡಿತು. 32 ಬಿಟ್ ಡ್ರೈವರ್‌ಗಳನ್ನು 64 ಬಿಟ್ ಕರ್ನಲ್‌ನಲ್ಲಿ ಬಳಸಲು ಬಾರದ ಕಾರಣ ಪ್ರಿಂಟರ್, ಸ್ಕ್ಯಾನರ್‌ಗಳು ಎಷ್ಟೋ ಕಡೆ ಮೂಲೆ ಸೇರಿದವು. 16 ಬಿಟ್ ಕಾಲದ ಹಳೆಯ ವಿಂಡೋಸ್ ಪ್ರೋಗ್ರಾಂಗಳಂತೂ ಅಲ್ಲಿ ಓಡುತ್ತಲೇ ಇರಲಿಲ್ಲ.

ಹಾಗಾಗಿ ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: 64 ಬಿಟ್ ಪೆಂಟಿಯಂ 4 ಅಂಗಡಿಗೆ ಬಂದದ್ದು ಫೆಬ್ರುವರಿ 2005, ಅದಕ್ಕೆ ಒಪ್ಪುವ ವಿಂಡೋಸ್ ಬಂದದ್ದು ಏಪ್ರಿಲ್ 2005. ವಿಂಡೋಸ್ ಬಳಸುವ ಗ್ರಾಹಕನ ದೃಷ್ಟಿಯಿಂದ ಇಂಟೆಲ್ ಎರಡು ತಿಂಗಳು ಮೊದಲೇ ಬಂತು ಎನ್ನಬೇಕು! ಚಿಪ್ ಮುಂದೆ, ತಂತ್ರಾಂಶ ಹಿಂದೆ ಎನ್ನುವುದು ಈ ಕ್ಷೇತ್ರಕ್ಕೆ ಹೊಸದೂ ಅಲ್ಲ. ಇಂಟೆಲ್ 32 ಬಿಟ್‌ನ 386ನ್ನು ಹೊರತಂದದ್ದು 1985ರಲ್ಲಿ. ಮನೆಮನೆಯ ಕಂಪ್ಯೂಟರ್‌ಗಳಲ್ಲಿ 32 ಬಿಟ್ ತಂತ್ರಾಂಶ ಬೇರೂರಿದ್ದು ವಿಂಡೋಸ್ 95 ಬಂದ ಮೇಲೆ, ಹತ್ತು ವರ್ಷಗಳ ನಂತರ.

ಪ್ರತಿಕ್ರಿಯೆ: ಗಣಕಮೇಷ್ಟ್ರು

ಇಬ್ಬರಿಗೂ ಧನ್ಯವಾದಗಳು. ಇಬ್ಬರ ಮಾತನ್ನೂ ಜೋಡಿಸಿ ಓದಿದಾಗ ನನಗೆ ಎರಡು ಸಂದೇಹಗಳು ಉಳಿಯುತ್ತವೆ. ಗ್ರಾಹಕರಿಗೆ ಬೇಕಿರಲಿಲ್ಲ ಎಂಬುದೇ ನಿಜವಾಗಿದ್ದರೆ, ಬೇಕಾಗುವ ದಿನಕ್ಕಾಗಿ ಇಂಟೆಲ್ ಒಳಗೊಳಗೇ ತಯಾರಿ ಮಾಡಿಕೊಂಡಿತ್ತೇ, ಅಥವಾ 2004ರಲ್ಲಿ ಗಾಬರಿಯಿಂದ ಎಎಂಡಿಯ ವಿನ್ಯಾಸವನ್ನು ಅಳವಡಿಸಿಕೊಂಡಿತೇ? ತಯಾರಿ ಇದ್ದ ಪಕ್ಷದಲ್ಲಿ ತನ್ನದೇ ವಿಸ್ತರಣೆಯನ್ನು ಮುಂದಿಡದೆ ಪ್ರತಿಸ್ಪರ್ಧಿಯದನ್ನು ಒಪ್ಪಿದ್ದೇಕೆ? ಎಎಂಡಿಯ ಚಿಪ್ ಕೂಡ ಹೇಳಿದ ಸಮಯಕ್ಕೆ ಬರಲಿಲ್ಲವೆಂದು ಎಲ್ಲೋ ಓದಿದ ನೆನಪಿದೆ, ಅದರ ಬಗ್ಗೆಯೂ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ವೆರಿಫಿಕೇಶನ್ ಎಂಜಿನಿಯರ್, ಬೆಂಗಳೂರು

ಮೇಷ್ಟ್ರೇ, ಚಿಪ್‌ಗಳ ಪರಿಶೀಲನೆಯ ಕೆಲಸದಲ್ಲಿರುವವನಾದ್ದರಿಂದ ಮೊದಲು ಒಂದು ಸಾಮಾನ್ಯ ಸಂಗತಿ ಹೇಳಿಬಿಡುತ್ತೇನೆ. ಇಂಥ ದೊಡ್ಡ ಪ್ರೊಸೆಸರ್ ಒಂದನ್ನು ಆರಂಭದಿಂದ ಮಾರುಕಟ್ಟೆಯವರೆಗೆ ತರಲು ನಾಲ್ಕೈದು ವರ್ಷ ಹಿಡಿಯುತ್ತದೆ. 2003ರಲ್ಲಿ ಅಥ್ಲಾನ್ 64 ನೋಡಿ ಗಾಬರಿಗೊಂಡವರು 2004ರಲ್ಲಿ ಪೆಂಟಿಯಂನ ದತ್ತಾಂಶ ಮಾರ್ಗಗಳನ್ನೂ ಲೆಕ್ಕದ ನಡುವೆ ಮೌಲ್ಯಗಳನ್ನು ಹಿಡಿದಿಡುವ ರಿಜಿಸ್ಟರ್‌ಗಳನ್ನೂ ವಿಳಾಸ ಪರಿವರ್ತನೆಯ ಭಾಗವನ್ನೂ ಇಮ್ಮಡಿ ಅಗಲಗೊಳಿಸಿ ಮಾರಲು ಸಾಧ್ಯವೇ ಇಲ್ಲ. ಅಂದಮೇಲೆ ತಯಾರಿ ಎಷ್ಟೋ ಮೊದಲೇ ಇತ್ತೆಂಬುದು ದಿನಾಂಕಗಳಿಂದಲೇ ಸಿದ್ಧವಾಗುತ್ತದೆ.

ಇದಕ್ಕೆ ಬೇರೆ ಆಧಾರಗಳೂ ಇವೆ. ಪೆಂಟಿಯಂ 4ರ ಮುಖ್ಯ ವಿನ್ಯಾಸಕಾರರಾಗಿದ್ದ ಬಾಬ್ ಕಾಲ್ವೆಲ್, ತಮ್ಮ ತಂಡ ಎಕ್ಸ್86ನ 64 ಬಿಟ್ ರೂಪವನ್ನು ಚಿಪ್‌ನೊಳಗೆ ಇಟ್ಟಿತ್ತೆಂದೂ, ಐಟೇನಿಯಂಗೆ ಧಕ್ಕೆಯಾಗಬಾರದೆಂದು ಆಡಳಿತ ಅದನ್ನು ಮುಚ್ಚಿಸಿತೆಂದೂ ನಂತರದ ವರ್ಷಗಳಲ್ಲಿ ಹೇಳಿದ್ದಾರೆ. 2002ರ ಜನವರಿಯಲ್ಲಿ ಸ್ಯಾನ್ ಹೋಸೆ ಮರ್ಕ್ಯುರಿ ನ್ಯೂಸ್ ಪತ್ರಿಕೆಯು ಯಾಮ್‌ಹಿಲ್ ಎಂಬ ಗುಪ್ತನಾಮದ ಇಂಥದೇ ಯೋಜನೆಯೊಂದು ಇಂಟೆಲ್‌ನಲ್ಲಿ ನಡೆಯುತ್ತಿದೆಯೆಂದು ವರದಿ ಮಾಡಿತ್ತು. 2004ರ ಫೆಬ್ರುವರಿಯ ಮೊದಲ ವಾರದಲ್ಲಿ ಪ್ರೆಸ್ಕಾಟ್ ಹೆಸರಿನ ಪೆಂಟಿಯಂ 4 ಮಾರುಕಟ್ಟೆಗೆ ಬಂದಾಗ ಅದರ ಸಿಲಿಕಾನ್‌ನಲ್ಲಿ 64 ಬಿಟ್‌ಗೆ ಬೇಕಾದ ಮಂಡಲಗಳು (ಸರ್ಕ್ಯೂಟ್‌ಗಳು) ಆಗಲೇ ಇದ್ದವು, ಆದರೆ ನಿಷ್ಕ್ರಿಯಗೊಂಡಿದ್ದವು. ಮನೆ ಕಟ್ಟುವಾಗಲೇ ಮೇಲಂತಸ್ತಿಗೆ ಮೆಟ್ಟಿಲು ಕಟ್ಟಿ, ಬಾಗಿಲಿಗೆ ಬೀಗ ಹಾಕಿ, ಬಾಡಿಗೆದಾರನಿಗೆ ಕೀಲಿಯನ್ನೇ ಕೊಡದಿದ್ದಂತೆ. ತಡವೆಂದರೆ ಇಲ್ಲಿ ಬೀಗ ತೆಗೆಯುವುದರಲ್ಲಿ ಆದ ತಡವೇ ಹೊರತು ಕಟ್ಟುವುದರಲ್ಲಿ ಆದದ್ದಲ್ಲ. ಈ ವಿಷಯದಲ್ಲಿ ನಾನು ಸಿಲಿಕಾನ್‌ಪ್ರಿಯ ಅವರ ಪಕ್ಷ.

ತನ್ನದೇ ವಿಸ್ತರಣೆಯನ್ನೇಕೆ ತರಲಿಲ್ಲ ಎಂಬ ನಿಮ್ಮ ಎರಡನೆಯ ಸಂದೇಹಕ್ಕೆ ಉತ್ತರ ಮೈಕ್ರೋಸಾಫ್ಟ್ ಬಳಿಯಿದೆ. ಆ ಹೊತ್ತಿಗೆ ಅದು ಐಟೇನಿಯಂಗಾಗಿ ಒಂದು 64 ಬಿಟ್ ವಿಂಡೋಸ್ ನಿರ್ವಹಿಸುತ್ತಿತ್ತು, ಎಎಂಡಿಯ ವಿಸ್ತರಣೆಗಾಗಿ ಇನ್ನೊಂದನ್ನು ಸಿದ್ಧಪಡಿಸುತ್ತಿತ್ತು. ವಿಂಡೋಸ್ ಎನ್‌ಟಿಯ ರೂವಾರಿ ಡೇವ್ ಕಟ್ಲರ್ ಅವರೇ ಈ ಎರಡನೆಯ ಕೆಲಸದಲ್ಲಿ ತೊಡಗಿದ್ದರು. ಎಕ್ಸ್86ಕ್ಕೇ ಎರಡು ಬೇರೆಬೇರೆ 64 ಬಿಟ್ ವಿಸ್ತರಣೆಗಳನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಇಂಟೆಲ್‌ಗೆ ತಿಳಿಸಿತೆಂಬ ವರದಿಗಳು ಆಗ ಬಂದಿದ್ದವು. ವಿಂಡೋಸ್ ಓಡದ ಡೆಸ್ಕ್‌ಟಾಪ್ ಚಿಪ್ಪನ್ನು ಯಾರಿಗೆ ಮಾರುವುದು? ಐಟೇನಿಯಂ ಉಳಿಸಲು ಕಾದದ್ದಕ್ಕೆ ಇಂಟೆಲ್ ತೆತ್ತ ನಿಜವಾದ ಬೆಲೆ ಮಾರಾಟದ ಕುಸಿತಕ್ಕಿಂತ ಹೆಚ್ಚಾಗಿ ಇದೇ ಎಂದು ನನಗನ್ನಿಸುತ್ತದೆ: 1978ರಿಂದ ತಾನೇ ನಿಯಮ ಬರೆಯುತ್ತಿದ್ದ ಆರ್ಕಿಟೆಕ್ಚರ್‌ನ ಅತಿ ಮುಖ್ಯ ಅಧ್ಯಾಯವನ್ನು ಬೇರೊಬ್ಬರು ಬರೆದರು. ಪರಸ್ಪರ ಪರವಾನಗಿ ಇದ್ದುದರಿಂದ ಅದನ್ನು ಬಳಸಲು ಕಾನೂನಿನ ಅಡ್ಡಿಯಿರಲಿಲ್ಲ. ಇಂಟೆಲ್ ತನ್ನ ದಾಖಲೆಗಳಲ್ಲಿ ಅದಕ್ಕೆ ಮೊದಲು ಐಎ-32ಇ ಎಂದೂ, ಆಮೇಲೆ ಇಎಂ64ಟಿ ಎಂದೂ, 2006ರಲ್ಲಿ ಇಂಟೆಲ್ 64 ಎಂದೂ ಹೆಸರಿಟ್ಟಿತು. ಎಎಂಡಿಯ ಹೆಸರು ಬಾರದಂತೆ ವಹಿಸಿದ ಎಚ್ಚರಿಕೆಯನ್ನು ನೋಡಿದರೆ ಸ್ವಲ್ಪ ನಗುವೂ ಬರುತ್ತದೆ.

ಅವಸರದ ಗುರುತುಗಳು ಮೊದಲ ಚಿಪ್‌ಗಳಲ್ಲಿ ಇಲ್ಲದಿರಲಿಲ್ಲ. ಎಎಂಡಿಯ ಚಿಪ್ 40 ಬಿಟ್ ಭೌತಿಕ ವಿಳಾಸದಿಂದ 1 ಟಿಬಿ ಮೆಮೊರಿ ತಲುಪಬಲ್ಲದಾಗಿದ್ದರೆ, ಇಂಟೆಲ್‌ನ ಮೊದಲ 64 ಬಿಟ್ ಜಿಯಾನ್ 36 ಬಿಟ್‌ಗಳಲ್ಲೇ, ಅಂದರೆ 64 ಜಿಬಿಯಲ್ಲೇ ನಿಂತಿತ್ತು. 4 ಜಿಬಿಯ ಮೇಲಿನ ಮೆಮೊರಿಗೆ ಹಳೆಯ ಬಗೆಯ ಸಾಧನಗಳು ನೇರವಾಗಿ ಬರೆಯಲಾಗದ ಕಾರಣ, ಲಿನಕ್ಸ್ ಇಂಟೆಲ್ ಯಂತ್ರಗಳಲ್ಲಿ ದತ್ತಾಂಶವನ್ನು ಕೆಳಗಿನ ಒಂದು ತಂಗುದಾಣಕ್ಕೆ ತಂದು ಅಲ್ಲಿಂದ ಮತ್ತೆ ನಕಲು ಮಾಡಬೇಕಾಗಿತ್ತು; ಆಪ್ಟೆರಾನ್‌ನಲ್ಲಿ ಆ ಕೆಲಸಕ್ಕೆ ಯಂತ್ರಾಂಶದ ನೆರವಿತ್ತು. ಡೆಸ್ಕ್‌ಟಾಪ್‌ನಲ್ಲಂತೂ ಪ್ರೊಸೆಸರನ್ನು ಮೆಮೊರಿಗೆ ಜೋಡಿಸುವ 915 ಮತ್ತು 925ಎಕ್ಸ್ ಚಿಪ್‌ಸೆಟ್‌ಗಳ ಗರಿಷ್ಠ ಮಿತಿಯೇ 4 ಜಿಬಿ. 64 ಬಿಟ್ ಪ್ರೊಸೆಸರ್ ಕೂರಿಸಿದರೂ ಹೆಚ್ಚಿನ ಮೆಮೊರಿಗೆ ಜಾಗವಿರಲಿಲ್ಲ. 955ಎಕ್ಸ್ ಬಂದ ಮೇಲೆ ಅದು 8 ಜಿಬಿಗೆ ಏರಿತು.

ಕೋಡುಗಾರ ಅವರು 64 ಬಿಟ್‌ನ ಉಪಯೋಗವನ್ನು ಮೆಮೊರಿಯಿಂದಷ್ಟೇ ಅಳೆದಿದ್ದಾರೆ, ಅದನ್ನು ನಾನು ಒಪ್ಪಲಾರೆ. ಎಕ್ಸ್86ನಲ್ಲಿ ಸಾಮಾನ್ಯ ಬಳಕೆಗಿದ್ದ ರಿಜಿಸ್ಟರ್‌ಗಳು ಎಂಟೇ; ಅದರಲ್ಲೂ ಒಂದು ಸ್ಟ್ಯಾಕ್‌ಗೆ ಮೀಸಲು. ಎಎಂಡಿ ಅಗಲದ ಜೊತೆಗೆ ಸಂಖ್ಯೆಯನ್ನೂ ಹದಿನಾರಕ್ಕೆ ಏರಿಸಿತು, ಒಮ್ಮೆಗೇ ಹಲವು ಸಂಖ್ಯೆಗಳ ಮೇಲೆ ಲೆಕ್ಕ ಮಾಡಲು ಬಳಸುವ ಎಸ್‌ಎಸ್‌ಇ ರಿಜಿಸ್ಟರ್‌ಗಳನ್ನೂ ಹದಿನಾರು ಮಾಡಿತು. ಇದರಿಂದ ಕಂಪೈಲರ್‌ಗಳಿಗೆ ಬಂದ ಬಿಡುವು ಬಹಳ ದೊಡ್ಡದು. 512 ಎಂಬಿ ರ‍್ಯಾಮ್ ಇದ್ದ ಯಂತ್ರದಲ್ಲೂ ಗೂಢಲಿಪಿ, ವಿಡಿಯೊ ಸಂಕೋಚನದಂಥ ಕೆಲಸಗಳು 64 ಬಿಟ್‌ನಲ್ಲಿ ಚುರುಕಾಗುತ್ತಿದ್ದವು. ಮೆಮೊರಿ ವಿಳಾಸಗಳನ್ನು ಹಿಡಿದಿಡುವ ಪಾಯಿಂಟರ್‌ಗಳ ಗಾತ್ರ ಇಮ್ಮಡಿಯಾಗಿ ಕ್ಯಾಶ್ ಮೇಲೆ ಹೊರೆ ಬೀಳುವುದೂ ಇದೆ. ಎರಡನ್ನೂ ಕೂಡಿ ಕಳೆದರೆ ಬಹುಪಾಲು ಪ್ರೋಗ್ರಾಂಗಳಿಗೆ ಲಾಭವೇ ಉಳಿಯುತ್ತದೆ. ದತ್ತಾಂಶದ ಪುಟಗಳನ್ನು ಆದೇಶವೆಂದು ಓಡಿಸದಂತೆ ತಡೆಯುವ ಎನ್‌ಎಕ್ಸ್ ಬಿಟ್ ಕೂಡ ಇದೇ ವಿಸ್ತರಣೆಯೊಂದಿಗೆ ಎಕ್ಸ್86ಕ್ಕೆ ಬಂತು.

ಎಎಂಡಿಯ ತಡದ ಬಗ್ಗೆ ನೀವು ಓದಿದ್ದು ಸರಿ. ಮುಂದೆ ಅಥ್ಲಾನ್ 64 ಎನಿಸಿಕೊಂಡ, ಡೆಸ್ಕ್‌ಟಾಪ್‌ನ ಕ್ಲಾಹ್ಯಾಮರ್ ಚಿಪ್ 2002ರ ಕೊನೆಯ ಹೊತ್ತಿಗೆ ಬರುತ್ತದೆಂದು ಹೇಳಿ, 2003ರ ಮೊದಲ ತಿಂಗಳುಗಳಿಗೆ ಮುಂದೂಡಿ, ಕೊನೆಗೆ ಸೆಪ್ಟೆಂಬರ್‌ಗೆ ತಂದರು. ಹೊಸ ವಿನ್ಯಾಸ, ಚಿಪ್‌ನೊಳಗೇ ಮೆಮೊರಿ ನಿಯಂತ್ರಕ, ಡ್ರೆಸ್ಡೆನ್ ಕಾರ್ಖಾನೆಯಲ್ಲಿ ಅದಕ್ಕಾಗಿ ಬಳಸಿದ ಅವಾಹಕದ ಮೇಲಿನ ಸಿಲಿಕಾನ್ ತಂತ್ರ, ಇಷ್ಟನ್ನೂ ಒಮ್ಮೆಗೇ ಕೈಗೆತ್ತಿಕೊಂಡದ್ದರ ಪರಿಣಾಮವಿದು. ಎಎಂಡಿಯ ತಡ ಎಂಜಿನಿಯರಿಂಗ್‌ನದು, ಇಂಟೆಲ್‌ನ ತಡ ಧೋರಣೆಯದು. ತರಗತಿಯಲ್ಲಿ ಇವೆರಡನ್ನು ಬೇರೆಬೇರೆಯಾಗಿ ಹೇಳುವುದು ಒಳ್ಳೆಯದು. ಹಾಗೆಂದು ಎಎಂಡಿಯನ್ನು ತೀರ ಮುಗ್ಧವೆಂದು ಚಿತ್ರಿಸಬೇಡಿ. 2004ರಲ್ಲಿ ಅದು ಇದೇ ವಿನ್ಯಾಸದ ಅಗ್ಗದ ಸೆಂಪ್ರಾನ್ ಚಿಪ್‌ಗಳನ್ನು ಮಾರಿದಾಗ ಅವುಗಳಲ್ಲೂ 64 ಬಿಟ್ ಸೌಲಭ್ಯವನ್ನು ಮುಚ್ಚಿಯೇ ಕೊಟ್ಟಿತ್ತು, ಮರುವರ್ಷ ತೆರೆಯಿತು.

ನಮ್ಮೂರಿಗೆ ಸಂಬಂಧಿಸಿದ ಒಂದು ಸಂಗತಿಯೂ ಇದರಲ್ಲಿದೆ. ಯಾಮ್‌ಹಿಲ್ ಎಂಬುದು ಇಂಟೆಲ್‌ನ ವಿನ್ಯಾಸ ಕೇಂದ್ರವಿರುವ ಓರೆಗಾನ್ ರಾಜ್ಯದ ಸ್ಥಳನಾಮ. ಅದೇ ರೀತಿ ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸಗೊಳ್ಳುತ್ತಿದ್ದ ನಾಲ್ಕು ಕೋರ್‌ಗಳ ಜಿಯಾನ್ ಒಂದಕ್ಕೆ ವೈಟ್‌ಫೀಲ್ಡ್ ಎಂದೇ ಹೆಸರಿಟ್ಟಿದ್ದರು. ಜಿಯಾನ್ ಮತ್ತು ಐಟೇನಿಯಂ ಎರಡೂ ಒಂದೇ ಬಗೆಯ ವೇದಿಕೆಯನ್ನು, ಒಂದೇ ಬಗೆಯ ಸಂಪರ್ಕವನ್ನು ಬಳಸುವಂತೆ ಮಾಡಿ ಇಬ್ಬರನ್ನೂ ಒಂದೇ ಸೂರಿನಡಿ ಬದುಕಿಸುವ ಯೋಜನೆಯ ಭಾಗ ಅದು. 2005ರ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟು, ಟೈಗರ್ಟನ್ ಎಂಬ ಬೇರೊಂದು ಚಿಪ್ಪನ್ನು ಆ ಜಾಗಕ್ಕೆ ತಂದರು. ಬೆಂಗಳೂರಿನ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 2008ರಲ್ಲಿ ಬಂದ ಆರು ಕೋರ್‌ಗಳ ಡನಿಂಗ್ಟನ್ ಜಿಯಾನ್ ಇಲ್ಲಿಯ ವಿನ್ಯಾಸ.

ಉತ್ತರ: ಕೋಡುಗಾರ

ರಿಜಿಸ್ಟರ್‌ಗಳ ವಿಷಯವನ್ನು ಒಪ್ಪುತ್ತೇನೆ. ಆದರೂ ಆ ಲಾಭ ಪಡೆಯಲು 64 ಬಿಟ್ ಆಪರೇಟಿಂಗ್ ಸಿಸ್ಟಂ ಮತ್ತು ಮರುಕಂಪೈಲ್ ಮಾಡಿದ ಪ್ರೋಗ್ರಾಂ ಎರಡೂ ಬೇಕಾಗಿದ್ದರಿಂದ, 2005ಕ್ಕಿಂತ ಮೊದಲು ಅದು ಸಿಕ್ಕಿದ್ದು ಹೆಚ್ಚಾಗಿ ಲಿನಕ್ಸ್ ಬಳಸುವ ನಮ್ಮಂಥವರಿಗೆ.

ಇಂಟೆಲ್‌ನ ಹಿಂಜರಿಕೆಯ ಬಾಲ 2005ಕ್ಕೆ ಮುಗಿಯಲಿಲ್ಲ ಎಂಬುದನ್ನೂ ಮೇಷ್ಟ್ರು ಸೇರಿಸಿಕೊಳ್ಳಬಹುದು. 2006ರ ಜನವರಿಯಲ್ಲಿ ಬಂದ ಕೋರ್ ಡ್ಯುಯೊ, ಲ್ಯಾಪ್‌ಟಾಪ್‌ಗಳ ಪೆಂಟಿಯಂ ಎಂ ವಂಶದ್ದಾದ ಕಾರಣ, ಬರೀ 32 ಬಿಟ್ ಆಗಿತ್ತು. ಆಪಲ್‌ನ ಮೊದಲ ಇಂಟೆಲ್ ಮ್ಯಾಕ್‌ಗಳಲ್ಲಿ ಇದ್ದದ್ದು ಇದೇ ಚಿಪ್. 2003ರಲ್ಲಿ ಪವರ್ ಮ್ಯಾಕ್ ಜಿ5 ತಂದು 64 ಬಿಟ್‌ನ ಡಂಗುರ ಸಾರಿದ್ದ ಕಂಪನಿ ಮತ್ತೆ 32 ಬಿಟ್‌ಗೆ ಇಳಿಯಬೇಕಾಯಿತು. 2006ರ ಜುಲೈನಲ್ಲಿ ಕೋರ್ 2 ಡ್ಯುಯೊ ಬಂದು ಅದನ್ನು ಸರಿಪಡಿಸಿತು. ಪರಿಣಾಮವಾಗಿ 2011ರಲ್ಲಿ ಬಂದ ಮ್ಯಾಕ್ ಒಎಸ್ ಎಕ್ಸ್ ಲಯನ್, ಕೋರ್ ಡ್ಯುಯೊ ಇದ್ದ ಮ್ಯಾಕ್‌ಗಳನ್ನು ಕೈಬಿಟ್ಟಿತು. ಪುಟ್ಟ ನೆಟ್‌ಬುಕ್‌ಗಳಲ್ಲಿ ಬಂದ 2008ರ ಆಟಂ ಎನ್270 ಕೂಡ 32 ಬಿಟ್‌ನದೇ.

ಪ್ರತಿಕ್ರಿಯೆ: ಗಣಕಮೇಷ್ಟ್ರು

ಇಷ್ಟು ವಿವರ ಒಂದೇ ಕಡೆ ಸಿಗುತ್ತದೆಂದು ನಿರೀಕ್ಷಿಸಿರಲಿಲ್ಲ. ಕೊನೆಯದಾಗಿ ಒಂದು ಪ್ರಾಯೋಗಿಕ ಪ್ರಶ್ನೆ. ನಮ್ಮ ಲ್ಯಾಬ್‌ನಲ್ಲಿ ಪ್ರದರ್ಶನಕ್ಕೆಂದು ಕೆಲವು ಹಳೆಯ ಪೆಂಟಿಯಂ 4 ಯಂತ್ರಗಳನ್ನು ಇಟ್ಟುಕೊಂಡಿದ್ದೇವೆ. ಅವುಗಳಲ್ಲಿ ಯಾವುದು ಬೀಗ ತೆಗೆದದ್ದು, ಯಾವುದು ಬೀಗ ಹಾಕಿದ್ದು ಎಂದು ಮಕ್ಕಳಿಗೆ ತೋರಿಸುವ ದಾರಿ ಇದೆಯೇ? ಐಟೇನಿಯಂಗೆ ಕೊನೆಗೆ ಏನಾಯಿತೆಂಬುದನ್ನೂ ಒಂದೆರಡು ಸಾಲಿನಲ್ಲಿ ತಿಳಿಸಿ.

ಉತ್ತರ: ಸಿಲಿಕಾನ್‌ಪ್ರಿಯ

ಐಟೇನಿಯಂ ಎಚ್‌ಪಿಯ ಕೆಲವು ಸರ್ವರ್‌ಗಳಲ್ಲಿ ಉಸಿರು ಹಿಡಿದುಕೊಂಡು ಬಹಳ ಕಾಲ ಬಾಳಿತು. ವಿಂಡೋಸ್‌ನ ಬೆಂಬಲ ಸರ್ವರ್ 2008 ಆರ್2 ಆವೃತ್ತಿಗೇ ಕೊನೆಯಾಯಿತು, ಕಟ್ಟಕಡೆಯ ಚಿಪ್ ಸರಣಿ ಕಿಟ್ಸನ್ 2017ರಲ್ಲಿ ಬಂತು, ಇಂಟೆಲ್ 2021ರ ಜುಲೈನಲ್ಲಿ ಪೂರೈಕೆ ನಿಲ್ಲಿಸಿತು, ಲಿನಕ್ಸ್ ಕರ್ನಲ್ 6.7ರಲ್ಲಿ ಅದರ ಕೋಡನ್ನು ತೆಗೆದುಹಾಕಿತು.

ನಿಮ್ಮ ಲ್ಯಾಬ್‌ನ ಯಂತ್ರಗಳನ್ನು 32 ಬಿಟ್ ಲಿನಕ್ಸ್‌ನ ಯಾವುದಾದರೂ ಲೈವ್ ಸಿಡಿಯಿಂದ ಆರಂಭಿಸಿ, ಪ್ರಾಕ್ ಡೈರೆಕ್ಟರಿಯಲ್ಲಿರುವ ಸಿಪಿಯುಇನ್ಫೊ ಕಡತವನ್ನು (/proc/cpuinfo) ತೆರೆಯಿರಿ. ಅದರ ಫ್ಲ್ಯಾಗ್ಸ್ ಸಾಲಿನಲ್ಲಿ ಎಲ್‌ಎಂ (lm) ಎಂಬ ಎರಡಕ್ಷರಗಳಿದ್ದರೆ ಆ ಪ್ರೊಸೆಸರ್ 64 ಬಿಟ್‌ನಲ್ಲಿ ಓಡಬಲ್ಲದು, ಇಲ್ಲದಿದ್ದರೆ ಓಡಲಾರದು. 600 ಸರಣಿಯ ಚಿಪ್‌ಗಳಲ್ಲಿ ಇದು ಇದ್ದೇ ಇರುತ್ತದೆ. 2004ರ ಆರಂಭದಲ್ಲಿ ಬಂದ 478 ಪಿನ್‌ಗಳ ಪ್ರೆಸ್ಕಾಟ್ ನಿಮ್ಮಲ್ಲಿದ್ದರೆ ಅದನ್ನೂ 600 ಸರಣಿಯ ಒಂದನ್ನೂ ಅಕ್ಕಪಕ್ಕ ಇಟ್ಟು ಎರಡರ ಫ್ಲ್ಯಾಗ್ಸ್ ಸಾಲುಗಳನ್ನು ಮಕ್ಕಳಿಂದಲೇ ಓದಿಸಿ. ಕಡತದಲ್ಲಿ ಕಾಣುವುದು ಪ್ರೊಸೆಸರ್ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಮಾಹಿತಿಯಾದ್ದರಿಂದ, ಒಳಗೆ ಮುಚ್ಚಿಟ್ಟ ಮಂಡಲ ಇದೆಯೋ ಇಲ್ಲವೋ ಎಂಬುದು ಮಾತ್ರ ಅದರಿಂದ ತಿಳಿಯುವುದಿಲ್ಲ.